ತೆರೆಯದ ಚಿತ್ರಗಳ ಪಟ್ಟಿ

ನನ್ನ ಕಂಪ್ಯೂಟರ್ ಪರದೆಯ ಮೇಲುಗಡೆ ಬೆರಳುದ್ದದ ಒಂದು ನೀಲಿ ಗೆರೆ ಇರುತ್ತಿತ್ತು. ಸರ್ವರ್‌ನಲ್ಲಿ ಜಾಗ ತುಂಬಿದಂತೆಲ್ಲ ಅದು ಬಲಕ್ಕೆ ಬೆಳೆಯುತ್ತಿತ್ತು. ನೂರಕ್ಕೆ ತೊಂಬತ್ತು ಭಾಗ ದಾಟಿದ ಕೂಡಲೇ ಕೆಂಪಾಗುತ್ತಿತ್ತು. ಆ ಊರಿನ ದಿನಪತ್ರಿಕೆಯಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಂಡ ಒಂಬತ್ತು ವರ್ಷಗಳಲ್ಲಿ ಅದು ನೀಲಿಯಾಗಿದ್ದ ದಿನಗಳು ಕಡಿಮೆ. ಪುಟಗಳು, ಜಾಹೀರಾತುಗಳು, ಚಿತ್ರಗಳು ಎಲ್ಲವೂ ಒಂದೇ ಸರ್ವರ್‌ಗೆ ಬಂದು ಬೀಳುತ್ತಿದ್ದವು. ಇನ್ನೊಂದು ಡಿಸ್ಕ್ ಕೊಡಿಸಿ ಎಂದು ಸಂಪಾದಕ ರಂಗಧಾಮಯ್ಯನವರನ್ನು ಕೇಳಿದಾಗಲೆಲ್ಲ ಅವರದು ಒಂದೇ ಮಾತು: “ಇರೋದನ್ನ ಗುಡಿಸಯ್ಯ ಮೊದಲು.”

ಗುಡಿಸಲು ನಾನೊಂದು ಕ್ರಮ ಮಾಡಿದ್ದೆ. ಪ್ರತಿ ಸೋಮವಾರ ಬೆಳಗ್ಗೆ ಆರು ಗಂಟೆಗೆ ಸರ್ವರ್ ತಾನಾಗಿಯೇ ವರದಿ ತಯಾರಿಸುವಂತೆ ವೇಳೆ ಗೊತ್ತುಪಡಿಸಿದ್ದೆ. ಯಾರ ಹೆಸರಿನಲ್ಲಿ ಎಷ್ಟು ಜಾಗ ಹೋಗಿದೆ, ಯಾವ ಫೈಲಿಗೆ ಎರಡೆರಡು ಪ್ರತಿ ಇವೆ, ಯಾವುದನ್ನು ಆರು ತಿಂಗಳಿಂದ ಯಾರೂ ತೆರೆದಿಲ್ಲ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಇಮೇಲ್ ಮಾಡಿದರೆ ಯಾರೂ ಓದುತ್ತಿರಲಿಲ್ಲ. ಹಾಗಾಗಿ ಪ್ರಿಂಟ್ ತೆಗೆದು ಟೀ ಮೇಜಿನ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದೆ. ಬೇಕಾದದ್ದಕ್ಕೆ ಟಿಕ್ಕು, ಬೇಡವಾದದ್ದಕ್ಕೆ ಗೀಟು. ಗೀಟು ಬಿದ್ದವನ್ನು ಶುಕ್ರವಾರ ಊಟದ ಹೊತ್ತಿಗೆ ನಾನು ಅಳಿಸುತ್ತಿದ್ದೆ. ಟಿಕ್ಕೂ ಗೀಟೂ ಇಲ್ಲದ್ದನ್ನು ಮುಟ್ಟುವಂತಿರಲಿಲ್ಲ. ರಜೆಯಲ್ಲಿದ್ದವರ ಪರವಾಗಿ ಪಕ್ಕದ ಮೇಜಿನವರು ಗುರುತು ಹಾಕುವುದು ಕಚೇರಿಯ ರೂಢಿ.

ಒಂದು ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಸಾಕಮ್ಮ ಎಂಬುವರು ಬಂದರು. ಬಸ್ ನಿಲ್ದಾಣದ ಹಿಂದೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು; ನನ್ನ ಅಂಗಿಗಳೂ ಅಲ್ಲಿಗೇ ಹೋಗುತ್ತಿದ್ದವು. ಅವರ ತಮ್ಮ ನಂಜೇಶ ಲಾರಿಗಳಿಗೆ ಬಣ್ಣ ಬಳಿಯುವವನು. ಮರದ ಡಿಪೋಗೆ ಬೆಂಕಿ ಹಚ್ಚಿದನೆಂಬ ಆರೋಪದ ಮೇಲೆ ಏಳು ತಿಂಗಳಿಂದ ಜೈಲಿನಲ್ಲಿದ್ದ. ಒಳಗೆ ಮಲಗಿದ್ದ ಕಾವಲುಗಾರ ಸತ್ತಿದ್ದ. ಬೆಂಕಿ ಬಿದ್ದದ್ದು ಬೆಳಗ್ಗೆ ಹನ್ನೊಂದೂವರೆಗೆ.

“ಅವತ್ತೇ ಅಲ್ವ ಸ್ವಾಮಿ ಹಳೇ ನೀರಿನ ಟ್ಯಾಂಕ್ ಕೆಡವಿದ್ದು? ಊರೆಲ್ಲ ಅಲ್ಲೇ ಇತ್ತು. ಇವ್ನೂ ಅಲ್ಲೇ ಇದ್ದ. ಜೊತೇಲಿದ್ದ ಹುಡುಗ್ರು ಹೇಳಿದ್ರೆ, ನೀವು ಸ್ನೇಹಿತ್ರು, ಹಂಗೇ ಹೇಳ್ತೀರ ಅಂತಾರೆ. ನಿಮ್ಮ ಫೋಟೋದವ್ರು ಎದುರು ಮಹಡಿ ಮೇಲೆ ನಿಂತು ಜನಾನೆಲ್ಲ ಹಿಡಿದ್ರಂತೆ. ಲಾಯರ‍್ರು ಈಗ ಕೇಳ್ತಾವ್ರೆ. ಗುರುವಾರ ಕೇಸೈತೆ.”

ಮರುದಿನದ ಪತ್ರಿಕೆ ನನಗೆ ನೆನಪಿತ್ತು. ಅಚ್ಚಾದದ್ದು ಒಂದೇ ಚಿತ್ರ, ಧೂಳೆಬ್ಬಿಸಿ ಕುಸಿಯುತ್ತಿರುವ ಟ್ಯಾಂಕು. ಅದರಲ್ಲಿ ಜನರಿರಲಿಲ್ಲ. ನಮ್ಮ ಛಾಯಾಗ್ರಾಹಕ ಶಿವರುದ್ರ ತೆಗೆದ ಉಳಿದ ಚಿತ್ರಗಳು ಅವನ ಫೋಲ್ಡರ್‌ನಲ್ಲಿರಬೇಕಿತ್ತು. ಹುಡುಕಿದೆ. ಇರಲಿಲ್ಲ. ವಾರಕ್ಕೊಮ್ಮೆ ಭಾನುವಾರ ಸರ್ವರ್‌ನ ನಕಲು ಬೇರೆ ಡಿಸ್ಕ್‌ಗೆ, ಹಿಂದಿನ ವಾರದ ನಕಲನ್ನು ಅಳಿಸಿಕೊಂಡು ಹೋಗುತ್ತಿತ್ತು. ಅಲ್ಲಿಯೂ ಇರಲಿಲ್ಲ. ಶನಿವಾರ ಬಂದಿದ್ದರೆ ಅಲ್ಲಿ ಸಿಗುತ್ತಿತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ.

“ಸಿಸ್ಟಮ್ಮು ತಾನಾಗೇ ಅಳಿಸ್ಬಿಟ್ಟಿದೆ, ಸಾಕಮ್ಮ” ಎಂದೆ. ಹಾಗೆನ್ನುವಾಗ ಟೀ ಮೇಜಿನ ಕಡೆ ನೋಡಲಿಲ್ಲ.

ಶಿವರುದ್ರ ಬೈಕಿನಿಂದ ಬಿದ್ದು ಆರು ವಾರದಿಂದ ಮನೆಯಲ್ಲಿದ್ದ. ಫೋನ್ ಮಾಡಿದೆ.

“ಕ್ಯಾಮೆರಾ ಕಾರ್ಡ್ ಅವತ್ತೇ ಖಾಲಿ ಮಾಡ್ದೆ ಕಣಯ್ಯ. ಇರೋದೇ ಎರಡು ಕಾರ್ಡು, ಪೂಜೆ ಮಾಡ್ತಾ ಕೂರೋಕಾಯ್ತದಾ? ಸರ್ವರ್‌ನಲ್ಲಿ ಐತಲ್ಲ, ತಗೊ.”

“ಇಲ್ಲ, ಶಿವು.”

“ಗೀಟು ಹಾಕ್ದೋರ್ ಯಾರು?”

“ನೋಡ್ತೀನಿ” ಎಂದು ಫೋನ್ ಇಟ್ಟೆ.

ಅಳಿಸಿದ ಫೈಲು ಡಿಸ್ಕಿನಿಂದ ಕೂಡಲೇ ಮಾಯವಾಗುವುದಿಲ್ಲ. ಆ ಜಾಗದ ಮೇಲೆ ಹೊಸದೇನೂ ಬರೆಯದಿದ್ದರೆ ಎತ್ತಿಕೊಳ್ಳಬಹುದು. ಪರದೆಯ ಗೆರೆ ನೋಡಿದೆ. ಶುಕ್ರವಾರ ನೀಲಿಯಾಗಿದ್ದದ್ದು ಆಗಲೇ ಕೆಂಪಾಗಿತ್ತು. ನಾಲ್ಕು ದಿನಗಳ ಪತ್ರಿಕೆ ಆ ಜಾಗಕ್ಕೆ ಬಂದು ಕೂತಿತ್ತು. ನಾನು ನೋಡುತ್ತಿದ್ದಂತೆಯೇ ಜಾಹೀರಾತು ವಿಭಾಗದವರು ಇನ್ನೂ ಏನೇನೋ ತುಂಬುತ್ತಿದ್ದರು.

ರಂಗಧಾಮಯ್ಯನವರ ಕೋಣೆಗೆ ಓಡಿದೆ. “ಸರ್, ಸರ್ವರ್ ನಿಲ್ಲಿಸ್ಬೇಕು. ಯಾರೂ ಏನೂ ಸೇವ್ ಮಾಡಬಾರದು.”

“ನಾಳೆ ಪೇಪರ್ ಬದಲು ನೀನು ಮನೆಮನೆಗೆ ಹೋಗಿ ಸುದ್ದಿ ಹೇಳ್ತೀಯೇನಯ್ಯ?”

ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಕೋಣೆಯ ಗಾಜಿನಾಚೆ ನೋಡಿದರು. ಸಾಕಮ್ಮ ಕುರ್ಚಿ ಇದ್ದರೂ ಕೂತಿರಲಿಲ್ಲ.

“ಐದು ಗಂಟೆ ತನಕ. ಅದರ ಮೇಲೆ ಒಂದು ನಿಮಿಷ ಆದ್ರೂ ನಾನೇ ಬಂದು ಸ್ವಿಚ್ ಹಾಕ್ತೀನಿ.”

ಎರಡೂಕಾಲಿಗೆ ಶುರು ಮಾಡಿದೆ. ಮೊದಲ ಒಂದು ಗಂಟೆ ಏನೂ ಸಿಗಲಿಲ್ಲ. ಆಮೇಲೆ ಒಂದೊಂದಾಗಿ ಬರತೊಡಗಿದವು. ಅಳಿಸಿದ್ದ ಇನ್ನೂರ ಹದಿನಾಲ್ಕು ಚಿತ್ರಗಳಲ್ಲಿ ಮೂವತ್ತೇಳು ಬಂದವು. ಒಂದನ್ನು ತೆರೆದೆ. ಮೇಲೆ ಆಕಾಶ, ಆಕಾಶದಲ್ಲಿ ಟ್ಯಾಂಕಿನ ತಲೆ. ಅದರ ಕೆಳಗೆ ಚಿತ್ರ ಕತ್ತರಿಸಿದಂತೆ ನಿಂತು, ಉಳಿದದ್ದೆಲ್ಲ ಬರೀ ಬೂದು. ಇನ್ನೊಂದನ್ನು ತೆರೆದೆ. ಅದೂ ಹಾಗೇ. ಯಾವುದರಲ್ಲೂ ಚಿತ್ರ ಮೇಲಿನ ಕಾಲು ಭಾಗ ದಾಟಿರಲಿಲ್ಲ. ಸಾಕಮ್ಮ ನನ್ನ ಹೆಗಲ ಹಿಂದೆ ಬಂದು ನಿಂತಿದ್ದರು.

“ಜನ ಎಲ್ಲವ್ರೆ ಸ್ವಾಮಿ?”

“ಕೆಳಗಿದ್ದರು.”

“ಇನ್ನೊಂಚೂರು ಕೆಳಕ್ಕೆ ಎಳೀರಿ, ಬತ್ತಾರೆ.”

ಮೂವತ್ತೇಳನ್ನೂ ಅವರ ಕಣ್ಣೆದುರೇ ತೆರೆದೆ. ಪ್ರತಿ ಸಲವೂ ಅವರು ಪರದೆಯ ಕೆಳಗಿನ ಅಂಚಿನವರೆಗೆ ಬಗ್ಗಿ ನೋಡಿದರು. ಐದಕ್ಕೆ ಸರಿಯಾಗಿ ರಂಗಧಾಮಯ್ಯನವರು ಬಂದರು. ತಾವೇ ಸ್ವಿಚ್ ಹಾಕದೆ, ಬಾಗಿಲಲ್ಲೇ ನಿಂತರು. ಕೊನೆಗೆ ನಾನೇ ಹಾಕಿದೆ.

ಹೊರಡುವಾಗ ಸಾಕಮ್ಮ ಕೇಳಿದರು. “ಅಳ್ಸಿದ್ದಕ್ಕೆ ಕಾಗದ ಏನಾದ್ರೂ ಐತಾ? ಲಾಯರ‍್ರಿಗೆ ತೋರಿಸ್ಬೇಕಲ್ಲ.”

ಮೊಳೆಯಿಂದ ಹಿಂದಿನ ವಾರದ ವರದಿ ತೆಗೆದೆ. ಐದು ಹಾಳೆಗಳಲ್ಲಿ ಇನ್ನೂರ ಹದಿನಾಲ್ಕು ಚಿತ್ರಗಳ ಸಂಖ್ಯೆ, ತೆಗೆದ ದಿನ, ಗಂಟೆ, ನಿಮಿಷ. ತೆಗೆದವನು ಶಿವರುದ್ರ. ಆರು ತಿಂಗಳಿಂದ ತೆರೆದಿಲ್ಲ. ಐದೂ ಹಾಳೆಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಉದ್ದನೆಯ ಕೆಂಪು ಗೀಟು.

“ಇದ್ಯಾಕೆ ಹಿಂಗೆ ಗೀಚವ್ರೆ?”

ಸುಳ್ಳಿಗೆ ಇನ್ನೊಂದು ಅವಕಾಶವಿತ್ತು. ಆದರೆ ಆ ಹೆಂಗಸು ಮೂವತ್ತೇಳು ಬಾರಿ ಬಗ್ಗಿದ್ದನ್ನು ನಾನು ಕಂಡಿದ್ದೆ.

“ಸಿಸ್ಟಮ್ಮು ಅಳಿಸಲಿಲ್ಲ, ಸಾಕಮ್ಮ. ಶಿವರುದ್ರನ ಪಕ್ಕದ ಮೇಜು ನನ್ನದು, ಅವನು ರಜೆಯಲ್ಲಿದ್ದಾಗ ಪಟ್ಟಿ ನೋಡೋದು ನನ್ನ ಕೆಲಸವಾಗಿತ್ತು. ಒಂದು ಚಿತ್ರ ಅಚ್ಚಾಗಿದೆ, ಉಳಿದದ್ದು ಯಾತಕ್ಕೆ ಅಂದುಕೊಂಡೆ. ಗೀಟು ನನ್ನದು.”

ಅವರು ಬೈಯಲಿಲ್ಲ. ಹಾಳೆಗಳನ್ನು ಬಟ್ಟೆ ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದರು. “ಹಂಗಾರೆ ಕೋರ್ಟಿಗೆ ನೀವೇ ಬಂದು ಹೇಳಿ” ಎಂದರು.

ಗುರುವಾರ ಹೋದೆ. ನಂಜೇಶನನ್ನು ನಾನು ನೋಡಿದ್ದು ಅಂದೇ ಮೊದಲು. ತೆಳ್ಳಗಿನ ಹುಡುಗ, ಏಳು ತಿಂಗಳಾದರೂ ಅಂಗಿಯ ತೋಳಿನಂಚಿನಲ್ಲಿ ಹಸಿರು ಬಣ್ಣ ಉಳಿದಿತ್ತು. ವರದಿ ಹೇಗೆ ತಯಾರಾಗುತ್ತದೆ, ಗಂಟೆ ನಿಮಿಷ ಎಲ್ಲಿಂದ ಬರುತ್ತದೆ, ಎಲ್ಲವನ್ನೂ ವಿವರಿಸಿದೆ. ಹನ್ನೊಂದು ಐದರಿಂದ ಹನ್ನೊಂದು ಐವತ್ತೆರಡರವರೆಗೆ ಚಿತ್ರ ತೆಗೆದದ್ದು ನಿಜ, ಅವುಗಳನ್ನು ಅಳಿಸಿದ್ದು ನಾನು ಎಂದೆ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು:

“ಆ ಚಿತ್ರಗಳಲ್ಲಿ ಈ ಆರೋಪಿಯನ್ನು ನೀವು ನೋಡಿದಿರಾ?”

“ಅಳಿಸೋ ಮೊದಲು ನಾನು ತೆರೆಯಲಿಲ್ಲ, ಸ್ವಾಮಿ.”

“ಒಂದನ್ನೂ?”

“ಒಂದನ್ನೂ ಇಲ್ಲ.”

ಹದಿನೆಂಟು ದಿನಗಳ ನಂತರ ತೀರ್ಪು ಬಂತು. ಹತ್ತು ವರ್ಷ. ನಂಜೇಶನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದ ಮೇಲೂ ಸಾಕಮ್ಮ ಕೋರ್ಟಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಎದುರು ಹೋಗಿ ನಿಂತೆ. ಅವರು ಮಡಿಲಿನಿಂದ ಆ ಹಾಳೆಗಳ ಜೆರಾಕ್ಸ್ ತೆಗೆದು ನನ್ನ ಕೈಗಿತ್ತರು.

“ನಂಗೆ ಓದಕ್ಕೆ ಬರಲ್ಲ. ನೀವೋದಿ.”

ಪಕ್ಕದಲ್ಲಿ ಕುಳಿತು ಓದಿದೆ. ನಾಲ್ಕು ಸಾವಿರದ ನೂರಾ ಒಂದು, ಹನ್ನೊಂದು ಗಂಟೆ ಐದು ನಿಮಿಷ. ನಾಲ್ಕು ಸಾವಿರದ ನೂರಾ ಎರಡು, ಹನ್ನೊಂದು ಗಂಟೆ ಐದು ನಿಮಿಷ. ವಕೀಲರು ನಮ್ಮ ಪಕ್ಕದಿಂದ ಸರಿದು ಮೆಟ್ಟಿಲಿಳಿದು ಹೋಗುತ್ತಿದ್ದರು. ಸಾಕಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂರನೆಯ ಹಾಳೆಯಲ್ಲಿ ಹನ್ನೊಂದೂವರೆ ಬಂತು. ಅವರು ನನ್ನ ಮೊಣಕೈ ಮೇಲೆ ಕೈಯಿಟ್ಟರು.

“ಇಲ್ಲಿ ಒಸಿ ನಿಧಾನಕ್ಕೆ ಓದಿ ಸ್ವಾಮಿ” ಎಂದರು.

ನಾನು ನಿಧಾನವಾಗಿ ಓದಿದೆ.