ನಗುವಿಗೆ ಬಿಟ್ಟ ಜಾಗ

ಹೋಟೆಲಿನ ನೆಲಮಾಳಿಗೆಯಲ್ಲಿ ದಿನವಿಡೀ ನಿಂತು ಚಾದರಗಳಿಗೆ ಇಸ್ತ್ರಿ ಹಾಕುವ ಸೊಸೆಗೆ ಬೇಕಾಗಿದ್ದುದು ಒಂದೇ, ಮೇಲಿನ ಮಹಡಿಯ ಟೆಲಿಫೋನ್ ಕುರ್ಚಿ. ಸಂಬಳ ಹೆಚ್ಚೇನಿಲ್ಲ, ಆದರೆ ಕೂರಬಹುದು. ಹಿಮ್ಮಡಿಯ ನೋವು ಮಂಡಿಗೇರಿ, ಅಲ್ಲಿಂದ ಸೊಂಟ ಹಿಡಿದಿತ್ತು. ಹೀಗೇ ನಿಂತರೆ ಮಲಗುವುದೇ ಗತಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆ ಕುರ್ಚಿಗೆ ಇಂಗ್ಲಿಷ್ ಬರಬೇಕು. ವ್ಯಾಕರಣದ ಪುಸ್ತಕ ತೆರೆದರೆ ಎರಡನೇ ಪುಟಕ್ಕೇ ರೆಪ್ಪೆ ಕೂಡುತ್ತಿತ್ತು. ಕೊನೆಗೆ ಅತ್ತೆ-ಸೊಸೆ ಸೇರಿ ಟೀವಿಯಲ್ಲಿ ಬರುವ ಹೋಟೆಲಿನ ಇಂಗ್ಲಿಷ್ ಪ್ರಹಸನವೊಂದನ್ನು ಹಿಡಿದುಕೊಂಡರು. ಸಂಜೆ ಅತ್ತೆ ಬಟಾಣಿ ಸುಲಿಯುತ್ತಲೇ ಸಿಡುಕು ಗಿರಾಕಿಯಾಗುತ್ತಿದ್ದಳು. ಸೊಸೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡ ಗುಮಾಸ್ತೆ. ರೂಮಿನಲ್ಲಿ ಇಲಿ ಇದೆ ಎಂದು ಗಿರಾಕಿ ರೇಗಿದರೆ, ಪಾಪ, ಅದರ ಊಟ ಆಯಿತೇ ಎಂದು ಗುಮಾಸ್ತೆ ವಿಚಾರಿಸಬೇಕು: "ಹ್ಯಾಸ್ ಇಟ್ ಈಟನ್, ಸರ್?" ಟೀವಿಯಲ್ಲಾದರೆ ಆಗ ಜನ ಗೊಳ್ಳೆಂದು ನಗುತ್ತಿದ್ದರು. ಇಲ್ಲಿ ಆ ಕೆಲಸವೂ ಅತ್ತೆಯ ಪಾಲಿಗೆ. ಅರ್ಧ ಅರ್ಥವಾಗದಿದ್ದರೂ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದಳು. ಆ ನಗು ನಿಂತ ಮೇಲೆಯೇ ಸೊಸೆಯ ಮುಂದಿನ ಮಾತು. "ಹ್ಯಾಸ್" ಎಲ್ಲಿ, "ಹ್ಯಾವ್" ಎಲ್ಲಿ ಅನ್ನುವುದೆಲ್ಲ ಹೀಗೆ, ನಿಯಮ ಗೊತ್ತಿಲ್ಲದೆಯೇ, ನಾಲಿಗೆಗೆ ಹತ್ತಿತು.

ಪರೀಕ್ಷೆಯ ದಿನ ಮ್ಯಾನೇಜರ್ ಪಕ್ಕದ ಕೋಣೆಯಿಂದ ಗಿರಾಕಿಯ ಹಾಗೆ ಫೋನ್ ಮಾಡಿ, ಬಿಸಿನೀರು ಬರುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಗದರಿದ. ಸೊಸೆ ಅಚ್ಚುಕಟ್ಟಾಗಿ ಕ್ಷಮೆ ಕೇಳಿ ಸುಮ್ಮನಾದಳು. ಆ ಕಡೆಯಿಂದ ಹಲೋ ಹಲೋ ಅಂದ. ರೂಮ್ ನಂಬರ್ ಕೇಳಿ, ಮತ್ತೆ ಸುಮ್ಮನಾದಳು. ಇನ್ನೊಮ್ಮೆಯೂ ಹಾಗೇ ಆದಾಗ ಆತ ಫೋನಿಟ್ಟು ಬಾಗಿಲಿಗೇ ಬಂದ.

"ಮಾತೇನೋ ಚೆನ್ನಾಗೇ ಆಡ್ತೀರಮ್ಮ. ಮಧ್ಯ ಮಧ್ಯ ಎಲ್ಲಿಗೆ ಹೋಗ್ತೀರಿ?"

ಸುಳ್ಳು ಹುಡುಕುವಷ್ಟು ತ್ರಾಣ ಅವಳಲ್ಲಿರಲಿಲ್ಲ.

"ನಗು ಮುಗೀಲಿ ಅಂತ ಕಾಯ್ತಿದ್ದೆ, ಸರ್."

ಅವನಿಗೂ ದಣಿವಾಗಿತ್ತೇನೋ, ನಗಲಿಲ್ಲ. ನಾಳೆ ಇನ್ನೊಂದು ಸಲ ನೋಡುತ್ತೇನೆ, ಅದೇ ಕೊನೆ ಎಂದು ಹೇಳಿ ಹೋದ.

ಮನೆಯಲ್ಲಿ ಕೇಳಿಸಿಕೊಂಡ ಅತ್ತೆ ಬಟಾಣಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ತಪ್ಪು ನಂದೇ ಕಣೇ. ಇವತ್ತು ಸತ್ರೂ ನಗಲ್ಲ. ನೀನು ನಿಲ್ಲಿಸ್ದೆ ಹೇಳ್ತಾ ಹೋಗು."

ಆಟ ಶುರುವಾಯಿತು; ಗಿರಾಕಿಯ ಮಾತು ಮುಗಿದೊಡನೆ ಅತ್ತೆ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದು ಕೂತಳು. ನಗುವಿಲ್ಲದೆ ಆ ಇಲಿ ಬರೀ ಇಲಿಯಾಯಿತು. ದಿನಕ್ಕಿದ್ದ ಒಂದೇ ಒಂದು ಖುಷಿಯನ್ನೂ ಇಬ್ಬರೂ ಸೇರಿ ಬಟ್ಟೆಯ ಹಾಗೆ ಹಿಂಡಿ ಒಣಹಾಕಿದರು. ಬಕೆಟ್ಟಿನ ನೀರು ತಣ್ಣಗಾದರೂ ಸೊಸೆ ಕಾಲು ತೆಗೆಯಲಿಲ್ಲ.

ಮರುದಿನ ಅವಳ ಮಾತು ಎಲ್ಲೂ ನಿಲ್ಲದೆ ಹರಿಯಿತು. ಸೋಮವಾರದಿಂದ ಮೇಲೇ ಬನ್ನಿ ಎಂದ ಮ್ಯಾನೇಜರ್. ಅವಳು ಆ ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಕುರ್ಚಿ ಸಿಕ್ಕಿತು ಎಂದಳು. ಅತ್ತೆ ಅವಳ ಊದಿದ ಕಾಲನ್ನೇ ನೋಡಿದಳು. ಅಂಗೈ ತಾನಾಗಿ ಬಾಯಿಗೆ ಹೋಗಿತ್ತು.

"ಇನ್ನು ನಗಬಹುದೇನೇ?"

ಸೊಸೆ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಳು.

"ನಗಿ ಅತ್ತೆ. ಕಾಯ್ತೀನಿ."