ಏಪ್ರನ್ನಿನ ಮೇಲಿನ ಗುರುತು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಗುರುತಕ್ಕ ಎನ್ನುತ್ತಿದ್ದರು. ಆಸ್ಪತ್ರೆಯಿಂದ, ಹೋಟೆಲುಗಳಿಂದ ಮೂಟೆಗಟ್ಟಲೆ ಬರುವ ಬಟ್ಟೆಗಳ ಅಂಚಿನಲ್ಲಿ ಯಾವುದು ಯಾರದೆಂದು ಶಾಯಿಯಿಂದ ಗುರುತು ಹಾಕುವುದು ಅವಳ ಕೆಲಸ. ನೂರು ಸಲ ಕುದಿಸಿದರೂ ಹೋಗದ ಶಾಯಿ ಅದು. ಕೆಲಸಗಾರರ ಏಪ್ರನ್ನುಗಳ ಮೇಲೂ ಅವಳೇ ಬರೆಯುತ್ತಿದ್ದಳು. ಹೆಸರನ್ನಲ್ಲ, ತಾನೇ ಇಟ್ಟ ಅಡ್ಡಹೆಸರನ್ನು. ಇಸ್ತ್ರಿಯವನು ಒಣಕಲ. ಗಾಡಿ ಓಡಿಸುವವನು ಆಮೆ. ದೂರದಿಂದ ದುಡಿಯಲು ಬಂದ ಕಪ್ಪು ಜನರ ಪೈಕಿಯವನು, ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಕರಿಯ.

ಹಾಗಾಗಿ ಸಾಕ್ಷಿ ಹೇಳಲು ಕೋರ್ಟಿನ ಕಾಗದ ಬಂದಾಗ, ಅದರಲ್ಲಿದ್ದ ಹೆಸರನ್ನು ಎರಡು ಸಲ ಓದಿ ಯಜಮಾನನ ಮುಂದೆ ಹಿಡಿದಳು.

"ಇದ್ಯಾರು?"

"ಯಾರು ಅಂದ್ರೇನಮ್ಮಾ? ನಮ್ಮ ಕರಿಯಾನೇ."

ನಾಲ್ಕು ವರ್ಷ ಎದುರುಬದುರು ಕೂತು ಬುತ್ತಿ ಉಂಡವನ ಹೆಸರು ಅವಳಿಗೆ ತಿಳಿದದ್ದು ಅವನು ಸತ್ತು ಏಳು ತಿಂಗಳಾದ ಮೇಲೆ.

ಸತ್ತದ್ದು ಅವಳ ಕಣ್ಣೆದುರಿಗೇ. ಸಂಜೆ ಐದರ ಹೊತ್ತು, ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದಳು. ಬೀದಿಯ ಆ ಬದಿಯಿಂದ ಮೂವರು ಬಂದರು. ಒಬ್ಬ "ಏ ಕರಿಯಾ!" ಎಂದು ಕೂಗಿದ. ಏಪ್ರನ್ನಿನಲ್ಲೇ ಬೀದಿಗಿಳಿದಿದ್ದ ಅವನು ತಿರುಗಿದ. ತಿರುಗದಿದ್ದರೆ ಉಳಿಯುತ್ತಿದ್ದನೋ ಏನೋ. ಅದಕ್ಕೂ ಹದಿನೈದು ದಿನ ಮೊದಲು ಬಸ್ ನಿಲ್ದಾಣದಲ್ಲಿ ಅವನ ಕಡೆಯ ಜನರಲ್ಲೇ ಒಬ್ಬನನ್ನು ಬಡಿದು ಕೊಂದವರೂ ಇದೇ ಮೂವರು ಎಂದು ಪೊಲೀಸರು ಆಮೇಲೆ ಹೇಳಿದರು.

"ಬಣ್ಣ ನೋಡಿ ಕೊಂದ್ರು ಅಂತ ಸಾಬೀತಾಗ್ಬೇಕು," ಎಂದಿದ್ದಳು ಸರ್ಕಾರದ ವಕೀಲೆ. "ಇಲ್ಲಾಂದ್ರೆ ಹಳೇ ಜಗಳ, ಕೈ ಮೀರಿತು ಅಂತ ಹೇಳಿ ನಾಲ್ಕೈದು ವರ್ಷಕ್ಕೆ ಹೊರಗೆ ಬರ್ತಾರೆ. ಅವರು ಕೂಗಿದ್ದನ್ನ ಕೇಳಿದವರು ನೀವೊಬ್ರೇ. ಕೇಳಿದ್ದನ್ನ ಕೇಳಿದ ಹಾಗೆ ಹೇಳಿ, ಸಾಕು."

ಕಟಕಟೆಯಲ್ಲಿ ನಿಂತು ಕೇಳಿದ ಹಾಗೆಯೇ ಹೇಳಿದಳು. ಎರಡನೇ ಸಾಲಿನಲ್ಲಿ ಸತ್ತವನ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಆಮೇಲೆ ಆರೋಪಿಗಳ ವಕೀಲ ಎದ್ದ. ಬೆಣ್ಣೆಯಂಥ ಮಾತಿನವನು. ಪ್ಲಾಸ್ಟಿಕ್ ಚೀಲದಲ್ಲಿದ್ದ ಏಪ್ರನ್ನನ್ನು ಅವಳ ಮುಂದೆ ಹಿಡಿದ. ರಕ್ತದ ಕಲೆ ಕಂದಿತ್ತು. ಅಕ್ಷರ ಕಂದಿರಲಿಲ್ಲ.

"ಈ ಬರಹ ಯಾರದಮ್ಮಾ?"

"ನಂದೇ, ಸ್ವಾಮಿ."

"ಓದಿ ಹೇಳಿ."

"ಕರಿಯ."

"ದ್ವೇಷಕ್ಕೆ ಬರೆದ್ರಾ?"

"ಅಯ್ಯೋ, ಇಲ್ಲಪ್ಪ! ಪ್ರೀತಿಗೆ."

"ಪ್ರೀತಿಗೆ," ಎಂದು ಅವನು ನ್ಯಾಯಾಧೀಶರ ಕಡೆ ನೋಡಿದ. "ಲಾಂಡ್ರಿಯವರೆಲ್ಲ ಹಾಗೇ ಕರೀತಿದ್ರು. ಬೀದಿಯವರೂ ಅದನ್ನ ಕೇಳಿ ಹಾಗೇ ಕರೀತಿದ್ರು. ಅಂದ್ರೆ ಅದು ಅವನ ಹೆಸರು. ಪರಿಚಯದವನನ್ನ ಹೆಸರು ಹಿಡಿದು ಕೂಗಿದ್ರೆ ಅದರಲ್ಲಿ ಬಣ್ಣ ಎಲ್ಲಿಂದ ಬಂತಮ್ಮಾ? ಆ ಹೆಸರು ಬೇಡ ಅಂತ ಅವನು ಯಾವತ್ತಾದ್ರೂ ಅಂದಿದ್ನಾ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅದೇ ಮೂರಕ್ಷರ. ತನ್ನ ಬಾಯಲ್ಲಿ ಒಂದು, ಅವರ ಬಾಯಲ್ಲಿ ಇನ್ನೊಂದು ಎಂದು ಇಷ್ಟು ದಿನ ನಂಬಿದ್ದಳು. ಆ ಮೂವರಿಗೆ ಕೂಗುವ ಪದವನ್ನು ತಾನೇ ಬರೆದುಕೊಟ್ಟಂತಾಯಿತೆ? ಅವರು ಕೂಗುತ್ತಿದ್ದದ್ದು ಹೇಗೂ ಅದನ್ನೇ ಅಲ್ಲವೆ? ಒಂದು ಎಳೆ ಹಿಡಿದು ಎಳೆದರೆ ಇನ್ನೊಂದು ಗಂಟಾಗುತ್ತಿತ್ತು.

ಗಂಟಿನ ನಡುವೆ ಒಂದು ಮಧ್ಯಾಹ್ನ ಇತ್ತು. ಅವನು ಏಪ್ರನ್ನನ್ನು ನೀಟಾಗಿ ಮಡಿಸಿ ತಂದು ಅವಳ ಮೇಜಿನ ಮೇಲಿಟ್ಟಿದ್ದ. "ಗುರುತಕ್ಕಾ, ಹೊಸದೊಂದರ ಮೇಲೆ ಬೇರೆ ಏನಾದ್ರೂ ಬರೆದುಕೊಡ್ತೀಯಾ?"

"ಯಾಕೋ, ರಾತ್ರೋರಾತ್ರಿ ಬೆಳ್ಳಗಾದ್ಯಾ?" ಎಂದಿದ್ದಳು ಅವಳು.

ಒಣಕಲ ಹೊಟ್ಟೆ ಹಿಡಿದು ನಕ್ಕಿದ್ದ. ಆಮೆಯೂ ನಕ್ಕಿದ್ದ. ಕರಿಯನೂ ನಕ್ಕಿದ್ದ. ನಕ್ಕಿದ್ದನೆ? ಈಗ ನೆನೆದರೆ ಅವನ ಹಲ್ಲು ಮಾತ್ರ ಕಾಣುತ್ತಿತ್ತು, ಕಣ್ಣು ನೆನಪಿಗೆ ಬರುತ್ತಿರಲಿಲ್ಲ.

"ಉತ್ತರ ಹೇಳಮ್ಮ," ಎಂದರು ನ್ಯಾಯಾಧೀಶರು.

ಇಲ್ಲ ಎಂದರೆ ತನ್ನ ಮಾನವೂ ಉಳಿಯುತ್ತದೆ, ಆ ಮೂವರೂ ಉಳಿಯುತ್ತಾರೆ. ಹೌದು ಎಂದರೆ ಎರಡನೇ ಸಾಲಿನವರೆಗೂ ಕೇಳಿಸುತ್ತದೆ.

"ಅಂದಿದ್ದ," ಎಂದಳು. "ಬೇರೆ ಬರೆದುಕೊಡು ಅಂದಿದ್ದ. ನಾನು ಬೆಳ್ಳಗಾದ್ಯಾ ಅಂತ ತಮಾಷೆ ಮಾಡಿದೆ. ಮತ್ತೆ ಅವನು ಕೇಳಲಿಲ್ಲ. ನಾನೂ ಬರೀಲಿಲ್ಲ."

ಬೆರಳಚ್ಚುಗಾರ ಒಂದು ಮಾತೂ ಬಿಡದೆ ಟಕಟಕ ಒತ್ತಿದ. ತಮಾಷೆ ಎಂಬುದನ್ನೂ ಒತ್ತಿದ. ಬೆಣ್ಣೆ ವಕೀಲ ಚೀಲವನ್ನು ಮೇಜಿನ ಮೇಲಿಟ್ಟು, ಇನ್ನೇನೂ ಕೇಳದೆ ಕೂತ.

ಹೊರಗೆ ಬಂದಾಗ ಸರ್ಕಾರದ ವಕೀಲೆ ಅವಳ ಕೈ ಹಿಡಿದಳು. "ಅದು ಅವನು ಒಪ್ಪಿದ ಹೆಸರಲ್ಲ ಅಂತ ಈಗ ದಾಖಲಾಯ್ತು. ಕೇಸು ಉಳಿಸಿದ್ರಿ, ಅಮ್ಮಾ."

ಗುರುತಕ್ಕ ತಲೆಯಾಡಿಸಿದಳು. ತನ್ನನ್ನು ಹೊಗಳುತ್ತಿರುವುದು ಯಾವುದಕ್ಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಕೋರ್ಟಿನ ವರಾಂಡದ ಬೆಂಚಿನ ಮೇಲೆ ಸತ್ತವನ ತಾಯಿ ಕೂತಿದ್ದಳು. ದಾಟಿ ಹೋಗಲು ಬೇರೆ ದಾರಿ ಇರಲಿಲ್ಲ. ಗುರುತಕ್ಕ ನಿಂತಳು.

"ಚಿಕ್ಕೋನಿದ್ದಾಗ ನಾನೂ ಹಂಗೇ ಕರೀತಿದ್ದೆ," ಎಂದಳು ತಾಯಿ. "ನಮ್ಮ ಮಾತಲ್ಲಿ ಅದಕ್ಕೆ ಬೇರೆ ಪದ. ಅರ್ಥ ಒಂದೇ."

ಗುರುತಕ್ಕನಿಗೆ ಹೋದ ಜೀವ ಬಂದಂತಾಯಿತು. "ಅದೇ ಅಮ್ಮಾ, ನಾನೂ ಅದೇ ತರ, ಮನೆಯವನು ಅಂತ..."

"ಹನ್ನೆರಡು ತುಂಬಿದಾಗ, ಬೇಡ ಕಣಮ್ಮಾ ಅಂದ," ಎಂದಳು ತಾಯಿ. "ಬಿಟ್ಟೆ."

ವರಾಂಡದ ತುದಿಯಲ್ಲಿ ಯಾರೋ ಯಾರದೋ ಹೆಸರು ಕೂಗಿ ಒಳಗೆ ಕರೆಯುತ್ತಿದ್ದರು. ತಾಯಿ ಸೆರಗಿನ ತುದಿಯನ್ನು ಬೆರಳಿಂದ ಬಿಚ್ಚಿದಳು.

"ಎಲ್ಲಾ ಮುಗಿದ ಮೇಲೆ ಆ ಬಟ್ಟೆ ನಂಗೆ ವಾಪಸ್ ಕೊಡ್ತಾರಂತೆ. ರಕ್ತ ನಾನು ತೊಳಕೋತೀನಿ. ಆ ಶಾಯಿ ಹೋಗೋಕೆ ಏನು ಹಾಕ್ಬೇಕು? ನಿಂಗೆ ಗೊತ್ತಿರುತ್ತಲ್ಲ."

ಇಪ್ಪತ್ತು ವರ್ಷದಿಂದ ಜನ ಅವಳನ್ನು ಕೇಳಿದ್ದು ಒಂದೇ: ನಿಲ್ಲುತ್ತದಾ? ನಿಲ್ಲುತ್ತದೆ ಎಂದೇ ಅವಳು ಹೆಮ್ಮೆಯಿಂದ ಹೇಳುತ್ತ ಬಂದಿದ್ದಳು. ಈಗ ಬಾಯಿ ತೆರೆದಳು. ಸುಣ್ಣ, ಸೋಡಾ, ನಿಂಬೆ, ಬ್ಲೀಚು, ಒಂದೊಂದೇ ನೆನಪಿಗೆ ಬಂದು, ಒಂದೊಂದೇ ಇದಲ್ಲ ಎಂದು ಹಿಂದಕ್ಕೆ ಸರಿದವು.

"ನೋಡ್ತೀನಮ್ಮಾ," ಎಂದಳು ಕೊನೆಗೆ. ಏನು ನೋಡುವುದೆಂದು ತಿಳಿಯದೆ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.