ಎಲೆ ತುಂಬಿದ ಮನುಷ್ಯ

ಈ ವರ್ಷ ಹ್ಯಾಲೋವೀನ್‌ಗೆ ಮನೆ ಮುಂದಿನ ಅಲಂಕಾರಕ್ಕೆ ಅಂಗಡಿಯಿಂದ ಏನನ್ನೂ ತರುವುದಿಲ್ಲ ಎಂದು ಶಿವಾನಿ ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದಳು. ಗಾಳಿ ತುಂಬಿದರೆ ಎದ್ದು ನಿಲ್ಲುವ ದೊಡ್ಡ ಕಪ್ಪು ಬೆಕ್ಕು ಹೋದ ವರ್ಷವೇ ಹರಿದುಹೋಗಿತ್ತು. ಮಾನ್ಯಾ ಅತ್ತು ಕರೆದು ರಂಪ ಮಾಡಬಹುದು ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಹತ್ತು ವರ್ಷದ ಹುಡುಗಿ. ಅಮೆರಿಕದ ನೋವೈ ಎಂಬ ಊರಿನ ತಮ್ಮ ಬಡಾವಣೆಯಲ್ಲಿ ಒಂದೊಂದೇ ಮನೆಯ ಮುಂದೆ ‘ಫಾರ್ ಸೇಲ್’ ಬೋರ್ಡು ಬರುತ್ತಿದ್ದುದನ್ನು ಸ್ಕೂಲ್ ಬಸ್ಸಿನ ಕಿಟಕಿಯಿಂದ ದಿನವೂ ನೋಡುತ್ತಿದ್ದಳು.

“ದೆನ್ ಐ ವಿಲ್ ಮೇಕ್ ಎವೆರಿಥಿಂಗ್,” ಅಂದಳು.

ಮಾಡಿಯೂ ಮಾಡಿದಳು. ಹಳೆಯ ಬೆಡ್‌ಶೀಟು ಕತ್ತರಿಸಿ ಮೇಪಲ್ ಮರಕ್ಕೆ ದೆವ್ವಗಳನ್ನು ನೇತುಹಾಕಿದಳು. ಖಾಲಿ ಹಾಲಿನ ಕ್ಯಾನುಗಳ ಮೇಲೆ ಕಪ್ಪು ಮಾರ್ಕರಿನಿಂದ ಮುಖ ಬರೆದು ಮೆಟ್ಟಿಲ ಬದಿಗೆ ಇಟ್ಟಳು. ಕೊನೆಗೆ ಭಾನುವಾರ ಒಬ್ಬ ಮನುಷ್ಯನನ್ನು ಮಾಡಬೇಕೆಂದು ಅಪ್ಪನ ಹಳೆಯ ಪ್ಯಾಂಟು, ಶರಟು ಹೊರಗೆ ತಂದು, ಅಂಗಳದಲ್ಲಿ ಬಿದ್ದ ಎಲೆಗಳನ್ನು ಅದರೊಳಗೆ ತುಂಬತೊಡಗಿದಳು. ಒತ್ತಿದರೆ ಕರಕರ ಎನ್ನುತ್ತಿದ್ದ ಅವನಿಗೆ ಮಿಸ್ಟರ್ ಕ್ರಂಚ್ ಎಂದು ಹೆಸರಿಟ್ಟಳು. ಆದರೆ ಅವನು ಕುರ್ಚಿಯಲ್ಲಿ ಕೂರಲೊಲ್ಲ. ಸೊಂಟದ ಹತ್ತಿರ ಮಡಚಿಕೊಂಡು ಮುಂದಕ್ಕೆ ಬೀಳುತ್ತಿದ್ದ.

ಆಗ ವೀರೇಶ್ ಹೊರಗೆ ಬಂದ.

ಆಗಸ್ಟ್ ಕೊನೆಯಿಂದ ಅವನು ಹೊರಗೆ ಬಂದದ್ದೇ ಕಡಿಮೆ. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕಿನ ಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಅವನು ಎಂಜಿನಿಯರ್ ಆಗಿದ್ದ. ಕೆಲಸ ಹೋದ ಮೇಲೆ ಬೇಸ್‌ಮೆಂಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಪ್ಲೈ ಮಾಡುವುದು, ಇಲ್ಲವೇ ಅಲ್ಲಿನ ಸೋಫಾದ ಮೇಲೆ ಗೋಡೆಗೆ ಮುಖಮಾಡಿ ಮಲಗುವುದು. ಕೆಲಸ ಹೋದದ್ದಕ್ಕೆ ಅವನಿಗೆ ಅಷ್ಟು ಸಿಟ್ಟಿರಲಿಲ್ಲ. ಕಾರು ಕಂಪನಿಗಳು ನೆಲಕಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತಿತ್ತು. ಅವನ ಸಿಟ್ಟೆಲ್ಲ ಚಂದ್ರಮೌಳಿಯ ಮೇಲೆ.

ಚಂದ್ರಮೌಳಿ ಅವನ ಮ್ಯಾನೇಜರ್. ಮೈಸೂರಿನವನು, ಇದೇ ಬಡಾವಣೆಯ ಹಿಂದಿನ ಬೀದಿಯಲ್ಲಿದ್ದ. ಗಣೇಶ ಚೌತಿಯ ದಿನ ಹೆಂಡತಿ ಅನಸೂಯಳನ್ನು ಕರೆದುಕೊಂಡು ಇವರ ಮನೆಗೆ ಊಟಕ್ಕೆ ಬಂದು, ಕಡುಬಿಗೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡು ಉಂಡು ಹೋಗಿದ್ದ. ಅದೇ ವಾರ ವೀರೇಶ್‌ನನ್ನು ಒಂದು ಚಿಕ್ಕ ಕೋಣೆಗೆ ಕರೆಸಿದ. ಮಾತಾಡಿದ್ದೆಲ್ಲ ಪಕ್ಕದಲ್ಲಿ ಕೂತಿದ್ದ ಎಚ್‌ಆರ್ ಹೆಂಗಸು. ಚಂದ್ರಮೌಳಿ ಮೇಜಿನಿಂದ ಕಣ್ಣೆತ್ತಲಿಲ್ಲ. ಆಮೇಲೆ ಒಂದು ಫೋನಿಲ್ಲ. ಬಾಲಾಜಿ ದೇವಸ್ಥಾನದಲ್ಲಿ ಎದುರಾದಾಗ ಚಪ್ಪಲಿ ಹುಡುಕುವವನ ಹಾಗೆ ಬೆನ್ನು ತಿರುಗಿಸಿಕೊಂಡ.

“ಸರಿ, ನಾ ತೋರಸ್ತೀನಿ,” ಎಂದು ವೀರೇಶ್ ಮಗಳ ಕೈಯಿಂದ ಮಿಸ್ಟರ್ ಕ್ರಂಚನನ್ನು ತೆಗೆದುಕೊಂಡ. ಗದಗಿನ ಓಣಿಯಲ್ಲಿ ಹೋಳಿ ಹುಣ್ಣಿಮೆಗೆ ಹುಲ್ಲಿನ ಕಾಮಣ್ಣನನ್ನು ಕಟ್ಟಿದ ಕೈ ಅದು. ಬೆನ್ನಿಗೆ ಗರಾಜಿನಿಂದ ಒಂದು ಕಟ್ಟಿಗೆ ಪಟ್ಟಿ ತಂದು ಸೇರಿಸಿದ. ಎಲೆಯನ್ನು ಬಿಗಿಯಾಗಿ ಒತ್ತಿ, ಕೀಲು ಇರುವಲ್ಲಿ ಹಗ್ಗದಿಂದ ಬಿಗಿದ. ಕ್ಷಣದಲ್ಲಿ ಬೊಂಬೆ ಕಾಲಮೇಲೆ ಕಾಲು ಹಾಕಿಕೊಂಡು ಕೂತಿತು. ಮಾನ್ಯಾ ಚಪ್ಪಾಳೆ ತಟ್ಟಿದಳು. ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಶಿವಾನಿಗೆ ಎಷ್ಟೋ ದಿನಗಳ ನಂತರ ಗಂಡನ ಮುಖದಲ್ಲಿ ಜೀವ ಕಂಡಿತು. ಸಮಾಧಾನದಿಂದ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೊರಟುಹೋದಳು.

ಸಂಜೆ ವಾಪಸು ಬಂದು ಕಾರು ತಿರುಗಿಸುವಾಗ ಅವಳು ಗಕ್ಕನೆ ಬ್ರೇಕ್ ಒತ್ತಿದಳು.

ಅಂಗಳದಲ್ಲಿ ಚಂದ್ರಮೌಳಿ ಕೂತಿದ್ದ. ಅವನು ಸದಾ ತೊಡುವಂಥದೇ ನೀಲಿ ಬ್ಲೇಜರು, ಅದೇ ಮುಂದೆ ಬಂದ ಹೊಟ್ಟೆ, ನಡುನೆತ್ತಿ ಬೋಳಾಗಿ ಎರಡೂ ಬದಿಗೆ ಉಳಿದ ಕೂದಲು. ಮಲಗುವಾಗಲೂ ತೆಗೆಯುವುದಿಲ್ಲವೇನೋ ಎಂದು ಜನ ನಗುತ್ತಿದ್ದ ಬ್ಲೂಟೂತ್ ಕೂಡ ಕಿವಿಯಲ್ಲಿತ್ತು. ಹತ್ತಿರ ಹೋಗಿ ನೋಡಿದರೆ ಅದು ಕಪ್ಪು ಟೇಪು ಸುತ್ತಿದ ಬೆಂಡಿನ ತುಂಡು, ಕೂತಿದ್ದವನು ಎಲೆ ತುಂಬಿದ ಬೊಂಬೆ. ಮುಂದೆ ಚಾಚಿದ ಕೈಯಲ್ಲಿ ಪೇಪರ್ ಪ್ಲೇಟು, ಅದರ ಮೇಲೆ ಹಿಟ್ಟಿನಿಂದ ಮಾಡಿದ ಕಡುಬು. ಬೆನ್ನ ಹಿಂದಿನ ಕೈಯಲ್ಲಿ ರಟ್ಟಿನ ಚೂರಿ.

“ಏನ್ರೀ ಇದು? ತಗೀರಿ ಮೊದಲ,” ಅಂದಳು ಒಳಗೆ ಬರುತ್ತಲೇ.

“ಯಾಕ ತಗೀಬೇಕು?”

“ಹಿಂದಿನ ಓಣ್ಯಾಗ ಅದಾರ ಅವರು. ನಾಳೆ ಬೇರೆ ಕೆಲಸಕ್ಕ ಅವರನ್ನ ಕೇಳಬೇಕಾದ್ರ ಏನ್ ಮಾಡ್ತೀರಿ?”

“ಅವನನ್ನ ಕೇಳೂದಕ್ಕಿಂತ ಟ್ರಕ್ ಹೊಡೀತೀನಿ.”

“ಎರಡು ತಿಂಗಳಿಂದ ಮನ್ಯಾಗ ಅವನ ಹೆಸರು ಬಿಟ್ಟರ ಬೇರೆ ಮಾತಿಲ್ಲ. ನನ್ನ ಸಂಗಾಟ ಒಂದು ಮಾತಾಡೀರೇನು? ಹುಡುಗಿ ಸಾಲ್ಯಾಗ ಏನ್ ಮಾಡ್ತು ಅಂತ ಕೇಳೀರೇನು?” ಅವಳ ದನಿಯೂ ಏರಿತು. ಅಡಿಗೆಮನೆಯಲ್ಲಿ ಹಳೆಯ ಟೈಲ್ಸ್ ಕಿತ್ತು, ಹೊಸದು ಹಾಕಿಸಲಾಗದೆ ಬರೀ ಪ್ಲೈವುಡ್ ಹಲಗೆ ಉಳಿದಿತ್ತು. ಅದರ ಮೇಲೆ ದಪದಪ ನಡೆದು ಅವಳು ಅನ್ನಕ್ಕಿಡಲು ಹೋದಳು.

ಮಾನ್ಯಾ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಕೈಯಲ್ಲಿ ಮಿಸ್ಟರ್ ಕ್ರಂಚ್‌ನ ತಲೆಗೆಂದು ಅವಳೇ ಬಣ್ಣ ಹಚ್ಚಿದ್ದ, ನಗುವ ಮುಖದ ಪೇಪರ್ ಚೀಲವಿತ್ತು. ಅದನ್ನು ಪಪ್ಪಾ ತೆಗೆದುಬಿಟ್ಟಿದ್ದ. ಅವಳು ಅದನ್ನು ಮಡಚಿ ತನ್ನ ಕೋಣೆಗೆ ಒಯ್ದಳು. ಅಪ್ಪ ಅಮ್ಮ ಇಬ್ಬರೂ ಗಮನಿಸಲಿಲ್ಲ.

ಎರಡು ದಿನದಲ್ಲಿ ಸುದ್ದಿ ಹರಡಿತು. ಕನ್ನಡದವರ ಕಾರುಗಳು ಆ ಮನೆಯ ಮುಂದೆ ನಿಧಾನವಾಗತೊಡಗಿದವು. ಕೆಲವರು ಕಿಟಕಿ ಇಳಿಸಿ ಫೋಟೊ ತೆಗೆದುಕೊಂಡು ನಕ್ಕು ಹೋದರು. ಪ್ಲೇಟಿನಲ್ಲಿದ್ದುದೇನೆಂದು ಅಮೆರಿಕನ್ ನೆರೆಯವರಿಗೆ ತಿಳಿಯದಿದ್ದರೂ ಬೊಂಬೆ ಚೆನ್ನಾಗಿದೆ ಎಂದು ಹೊಗಳಿದರು. ಪ್ರತಿ ನಗುವಿಗೂ ವೀರೇಶ್ ತನ್ನ ಸಿಟ್ಟಿಗೆ ಒಂದು ಸಾಕ್ಷಿ ಸಿಕ್ಕಿತೆಂದು ಬೀಗಿದ.

ಶನಿವಾರ ಹ್ಯಾಲೋವೀನ್. ಸಂಜೆಯಾಗುವ ಹೊತ್ತಿಗೆ ಚಂದ್ರಮೌಳಿ ನಡೆದುಕೊಂಡೇ ಬಂದ. ಬ್ಲೇಜರ್ ಇರಲಿಲ್ಲ, ಬ್ಲೂಟೂತೂ ಇರಲಿಲ್ಲ. ಬೊಂಬೆಯ ಮುಂದೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದ. ವೀರೇಶ್ ಬಾಗಿಲು ತೆರೆದು ಹೊರಬಂದ.

“ಏನ್ರೀ ಇದು ವೀರೇಶ್?”

“ಹ್ಯಾಲೋವೀನ್ ಡೆಕೊರೇಶನ್ ರೀ.”

“ತಮಾಷೆ ಬೇಡ. ನನ್ನ ಮಗ ಆಶ್ರಿತ್‌ನ ಬಸ್‌ನಲ್ಲಿ ಹುಡುಗರು ರೇಗಿಸ್ತಿದಾರೆ. ಅನಸೂಯ ಮನೆಯಿಂದ ಆಚೆ ಬರ್ತಿಲ್ಲ.”

“ನಿಮ್ಮ ಹೆಸರು ಎಲ್ಲ್ಯರ ಬರದೈತೇನು?”

“ಹೆಸರು ಬೇರೆ ಬೇಕಾ?” ಚಂದ್ರಮೌಳಿ ತುಟಿ ಕಚ್ಚಿ, ದನಿ ತಗ್ಗಿಸಿದ. “ನೋಡಿ, ನಿಮಗೆ ಗೊತ್ತಿಲ್ಲದೆ ಇರೋದು ಒಂದಿದೆ. ಟೀಮ್‌ನಿಂದ ಒಬ್ಬರನ್ನ ತೆಗೀಲೇಬೇಕು ಅಂದ್ರು. ಕೊನೆಗೆ ನೀವೋ ಶಂಕರೋ ಅಂತ ಬಂತು. ಶಂಕರ್ ಎಚ್-ಒನ್ ವೀಸಾದಲ್ಲಿದಾನೆ. ಅವನನ್ನ ತೆಗೆದಿದ್ರೆ ಗಂಟುಮೂಟೆ ಕಟ್ಟಿ ದೇಶ ಬಿಡಬೇಕಿತ್ತು. ಹೆಂಡತಿ ಬಸುರಿ. ನಿಮಗೆ ಗ್ರೀನ್ ಕಾರ್ಡಿದೆ, ಶಿವಾನಿಯವರಿಗೆ ಕೆಲಸ ಇದೆ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?”

ಶಂಕರ್ ವೀರೇಶ್‌ನ ಪಕ್ಕದ ಮೇಜಿನ ಹುಡುಗ, ಊಟದ ಡಬ್ಬಿ ಹಂಚಿಕೊಂಡವನು. ಆ ನಿರ್ಧಾರ ತಪ್ಪು ಎಂದು ಹೇಳಲು ಅವನ ನಾಲಿಗೆ ಏಳಲಿಲ್ಲ. ಹಾಗೆ ಏಳದೆ ಹೋದದ್ದಕ್ಕೇ ಅವನ ಸಿಟ್ಟು ಇನ್ನೂ ಕುದಿಯಿತು.

“ಶಂಕರನ್ನ ಉಳಿಸಿದ್ದು ತಪ್ಪಂತ ನಾ ಅನ್ನೂದಿಲ್ಲ,” ಅಂದ. “ನಿಮಗ ಯಾವಾಗ ಗೊತ್ತಾತು?”

“ಆಗಸ್ಟ್ ಶುರುವಿನಲ್ಲೇ.”

“ಅಂದ್ರ ಚೌತಿ ದಿನ ಗೊತ್ತಿತ್ತು.”

“ಹೇಳೋ ಹಾಗಿರ್ಲಿಲ್ಲ ವೀರೇಶ್. ಹೇಳಿದ್ರೆ ನನ್ನ ಕೆಲಸವೂ ಹೋಗ್ತಿತ್ತು.”

“ಹೇಳಬ್ಯಾಡ್ರಿ. ಉಣ್ಣಾಕ ಯಾಕ ಬಂದ್ರಿ?”

ಚಂದ್ರಮೌಳಿ ಬೊಂಬೆಯ ಕೈಯ ಪ್ಲೇಟಿನ ಕಡೆ ನೋಡಿದ. “ಬರದೇ ಇದ್ದಿದ್ರೆ ನಿಮಗೆ ಅನುಮಾನ ಬರ್ತಿತ್ತು,” ಅಂದ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶಿವಾನಿ ಮೆಟ್ಟಿಲಿಳಿದು ಬಂದಳು. ಬೊಂಬೆಯನ್ನು ತೆಗೆಯಿರಿ ಎಂದು ವಾರವಿಡೀ ಗಂಡನೊಡನೆ ಜಗಳವಾಡಿದವಳು ಅವಳೇ. ಈಗ ಗಂಡನ ಪಕ್ಕಕ್ಕೆ ಬಂದು ನಿಂತಳು.

“ಅವತ್ತ ನಾನ ನಿಮಗ ಬಡಿಸ್ಕೋತ ಕೇಳಿದ್ನಿ. ಅಡಿಗೀಮನಿ ಹೊಸದು ಮಾಡಸ್ಬೇಕಂತೀವಿ, ಕಂಪನಿ ಹೆಂಗೈತಿ, ಮಾಡಸ್ಲೇನು ಬ್ಯಾಡೇನು ಅಂತ. ನೀವು ಏನಂದ್ರಿ? ಧಾರಾಳವಾಗಿ ಮಾಡ್ಸಿ ಅಂದ್ರಿ. ಮರುದಿನಾನ ಕೀಳಾಕ ಮಂದಿ ಹಚ್ಚಿದ್ವಿ ನಾವು. ಬ್ಯಾಡ ಅನ್ನಾಕ ಏನಾಗಿತ್ತು? ಸ್ವಲ್ಪ ತಡೀರಿ ಅಂದಿದ್ರ ಸಾಕಿತ್ತಲ್ಲ?”

ಚಂದ್ರಮೌಳಿಯ ಮುಖ ಕೆಂಪಾಯಿತು. ತಿರುಗಿ ಬೊಂಬೆಯ ಕಿವಿಗೆ ಕೈ ಹಾಕಿ ಆ ಕಪ್ಪು ತುಂಡನ್ನು ಕಿತ್ತ. ವೀರೇಶ್ ಅವನ ಮಣಿಕಟ್ಟು ಹಿಡಿದ. ಚಂದ್ರಮೌಳಿ ಕೊಸರಿಕೊಂಡು ಬ್ಲೇಜರಿನ ಕಾಲರಿಗೆ ಕೈ ಹಾಕಿದ. ಒಬ್ಬ ಆ ಕಡೆ, ಒಬ್ಬ ಈ ಕಡೆ. ಐವತ್ತರ ಹತ್ತಿರದ ಇಬ್ಬರು ಗಂಡಸರು ಏದುಸಿರು ಬಿಡುತ್ತ ಎಲೆ ತುಂಬಿದ ಬೊಂಬೆಯನ್ನು ಎಳೆದಾಡಿದರು. ಬೆನ್ನಿನ ಪಟ್ಟಿ ಲಟಕ್ಕೆಂದು ಮುರಿಯಿತು. ಶರಟು ಹರಿದು ಎಲೆಗಳೆಲ್ಲ ಹುಲ್ಲಿನ ಮೇಲೆ ಸುರಿದವು. ಚಂದ್ರಮೌಳಿ ಹಿಂದಕ್ಕೆ ಎಡವಿ ಬಿದ್ದ.

“ಸ್ಟಾಪ್ ಇಟ್!”

ಮಾನ್ಯಾ ಮಾಟಗಾತಿಯ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಪ್ಪನ ಮುಖದಲ್ಲಿ ಎರಡು ತಿಂಗಳಿಂದ ಕಾಣುತ್ತಿದ್ದ ಸಿಟ್ಟೇ ಅವಳ ಮುಖದಲ್ಲೂ ಇತ್ತು.

“ಹೀ ವಾಸ್ ಮೈನ್, ಪಪ್ಪಾ! ಐ ಮೇಡ್ ಹಿಮ್! ಯು ಟುಕ್ ಹಿಮ್, ಅಂಡ್ ಯು ಡಿಡ್ ನಾಟ್ ಈವನ್ ಆಸ್ಕ್ ಮೀ!” ಆಮೇಲೆ ಚಂದ್ರಮೌಳಿಯ ಕಡೆ ತಿರುಗಿದಳು. “ಅಂಡ್ ಯು, ಅಂಕಲ್, ಗೋ ಹೋಮ್!”

ಶಿವಾನಿ ಮಗಳನ್ನು ಗದರಲಿಲ್ಲ. ಚಂದ್ರಮೌಳಿ ಎದ್ದು ಪ್ಯಾಂಟಿನ ಮಣ್ಣು ಒರೆಸಿಕೊಂಡ. ಬಗ್ಗಿ ಎಲೆಗಳನ್ನು ಒಟ್ಟು ಮಾಡಲು ಹೋದ.

“ಕೈ ಹಚ್ಚಬ್ಯಾಡ್ರಿ,” ಅಂದ ವೀರೇಶ್. “ಹೋಗ್ರಿ.”

ಅವನು ಹೋದ. ವೀರೇಶ್ ಹರಿದ ಬ್ಲೇಜರನ್ನು ಕಸದ ಡಬ್ಬಿಗೆ ಹಾಕಿ ಬಂದು, ಮಗಳ ಮುಂದೆ ನಿಂತ. ಸಾರಿ ಎನ್ನಬೇಕೆಂದಿದ್ದ. “ಮತ್ತ ಕಟ್ಟಿ ಕೊಡ್ತೀನಿ,” ಅಂದ.

“ದೇರ್ ಈಸ್ ನೋ ಟೈಮ್.” ಅವಳು ಬೀದಿಯ ಕಡೆ ಕೈ ತೋರಿಸಿದಳು. ಸೂರ್ಯ ಆಗಲೇ ಮರಗಳ ಹಿಂದೆ ಇಳಿಯುತ್ತಿದ್ದ. ವೇಷ ತೊಟ್ಟು ಮನೆಮನೆಗೆ ಚಾಕೊಲೇಟ್ ಕೇಳಲು ಹೊರಟ ಚಿಕ್ಕ ಮಕ್ಕಳ ಮೊದಲ ಗುಂಪು ತಿರುವಿನಲ್ಲಿ ಕಾಣಿಸುತ್ತಿತ್ತು. ಮಾನ್ಯಾ ಒಳಗೆ ಓಡಿ ಹೋಗಿ ತಾನು ಬಣ್ಣ ಹಚ್ಚಿದ್ದ ಪೇಪರ್ ಚೀಲ ತಂದಳು. ಪೆನ್ಸಿಲಿನಿಂದ ಅದರ ಕಣ್ಣಿಗೆ ತೂತು ಮಾಡಿ ಅಪ್ಪನ ಕೈಗಿಟ್ಟಳು. “ಸಿಟ್. ಡೋಂಟ್ ಮೂವ್. ಡೋಂಟ್ ಟಾಕ್.”

ವೀರೇಶ್ ಕುರ್ಚಿಯಲ್ಲಿ ಕೂತು ಚೀಲ ತಲೆಗೆ ಹಾಕಿಕೊಂಡ. ಮಗಳು ಅವನ ಶರಟಿನ ತೋಳಿನೊಳಗೆ, ಕಾಲರಿನೊಳಗೆ ಒರಟಾಗಿ ಎಲೆ ತುರುಕಿದಳು. ಎಲೆ ಕುತ್ತಿಗೆಗೆ ಚುಚ್ಚುತ್ತಿತ್ತು. ತುರಿಸಿಕೊಳ್ಳಲಿಲ್ಲ. ಚೀಲದೊಳಗೆ ತನ್ನ ಉಸಿರೇ ಬಿಸಿಯಾಗಿ ಮುಖಕ್ಕೆ ಬಡಿಯುತ್ತಿತ್ತು. ಬರದೇ ಇದ್ದಿದ್ದರೆ ಅನುಮಾನ ಬರುತ್ತಿತ್ತು ಎಂಬ ಮಾತು ತಲೆಯೊಳಗೆ ಸುತ್ತುತ್ತಿತ್ತು.

ಮೊದಲ ಗುಂಪಿನಲ್ಲಿ ಒಬ್ಬಳು ರಾಜಕುಮಾರಿ, ಒಂದು ಅಸ್ಥಿಪಂಜರ, ಜೇನುಹುಳದ ಅಂಗಿ ತೊಟ್ಟ ಒಂದು ಕೂಸು. ಬೊಂಬೆಯೆಂದುಕೊಂಡು ಹತ್ತಿರ ಬಂದ ಅಸ್ಥಿಪಂಜರ ಅವನ ಮಂಡಿಗೆ ಒಂದು ಒದೆ ಕೊಟ್ಟಿತು. ವೀರೇಶ್ ಎದ್ದು ನಿಂತು ಕಿರುಚಿದ. ಆಟಕ್ಕೆ ಎಂದು ಶುರುವಾದ ಕಿರುಚಾಟ ಅವನ ಕೈಮೀರಿತು. ಹೊಟ್ಟೆಯ ಆಳದಿಂದ, ಆ ಚಿಕ್ಕ ಕೋಣೆಯಲ್ಲಿ ಹೊರಡದೆ ಉಳಿದದ್ದೆಲ್ಲ ಒಟ್ಟಿಗೆ ಬಂದಂತೆ, ಉಸಿರು ಮುಗಿಯುವವರೆಗೂ ಕಿರುಚಿದ. ಎದುರುಮನೆಯ ನಾಯಿ ಬೊಗಳತೊಡಗಿತು. ಮಕ್ಕಳು ಕೂಗಿಕೊಂಡು ದಿಕ್ಕಾಪಾಲಾಗಿ ಓಡಿ, ಬೀದಿಯಂಚಿನಲ್ಲಿ ನಿಂತು, ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಚಾಕೊಲೇಟ್ ಬುಟ್ಟಿ ಹಿಡಿದ ಶಿವಾನಿ ಮಾತ್ರ ನಗಲಿಲ್ಲ. ಅವಳಿಗೆ ಆ ಕೂಗು ಏನೆಂದು ಗೊತ್ತಿತ್ತು.

“ಅಗೇನ್!” ಎಂದಳು ಮಾನ್ಯಾ.

ಅವನು ಮತ್ತೆ ಕೂತ. ಮುಂದಿನ ಗುಂಪಿನೊಡನೆ ಆಶ್ರಿತ್ ಬಂದ, ಡ್ರಾಕುಲಾನ ಕೋರೆಹಲ್ಲು ಹಾಕಿಕೊಂಡು. ಚೀಲದ ತೂತಿನಿಂದ ನೋಡಿದರೆ, ಕತ್ತಲಾಗುತ್ತಿದ್ದ ಬೀದಿಯ ಆಚೆ ಬದಿಯಲ್ಲಿ ಚಂದ್ರಮೌಳಿ ಜೇಬಿಗೆ ಕೈಯಿಟ್ಟು ನಿಂತಿದ್ದ. ಅಂಗಳಕ್ಕೆ ಕಾಲಿಡಲಿಲ್ಲ.

ವೀರೇಶ್ ಹುಡುಗನನ್ನು ಹೆದರಿಸಲಿಲ್ಲ, ಅಲುಗದೆ ಕೂತ. ಹುಡುಗ ಚಾಕೊಲೇಟ್ ಹಿಡಿದು ಓಡಿಹೋದ.

“ವೀರೇಶ್,” ಎಂದು ಬೀದಿಯಾಚೆಯಿಂದ ಕರೆ ಬಂತು. ಸ್ವಲ್ಪ ತಡೆದು ಮತ್ತೊಮ್ಮೆ. “ವೀರೇಶ್, ಒಂದು ನಿಮಿಷ.”

ಅವನ ಸಿಟ್ಟು ಇದ್ದಲ್ಲೇ ಇತ್ತು. ಆದರೆ ಮಾತಾಡಬೇಡ ಎಂದಿದ್ದಾಳೆ ಮಗಳು. ಅವನು ತಿರುಗಿ ನೋಡದೆ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಅಂಗಳಕ್ಕೆ ಕಾಲಿಡುತ್ತಿದ್ದ ಮುಂದಿನ ಮಕ್ಕಳಿಗಾಗಿ ಉಸಿರು ತುಂಬಿಕೊಂಡ.